ಸೀಸನ್ನಿನ ದುಡ್ಡು, ಮಳೆಗಾಲದ ಹಾಡು

ಕೊಡಗಿನಲ್ಲಿ ಹಾಡಿ ಬಾರಿಸಿ ಬದುಕುವವರಿಗೆ ವರ್ಷದಲ್ಲಿ ಎರಡೇ ಕಾಲ. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಯ ಆಚೀಚೆ ಶುರುವಾಗುವ ಮದುವೆ, ರೆಸಾರ್ಟು, ಹೋಮ್‌ಸ್ಟೇ ಓಡಾಟ ಮೇ ಕೊನೆಯವರೆಗೆ ಎಳೆಯುತ್ತದೆ. ಜೂನಿನಲ್ಲಿ ಮಳೆ ಹಿಡಿದರೆ ಫೋನು ತಣ್ಣಗಾಗುತ್ತದೆ. ಹೆಚ್ಚಿನವರು ಮೊದಲನೆಯದನ್ನು ದುಡಿಮೆ ಎಂದೂ ಎರಡನೆಯದನ್ನು ನಷ್ಟ ಎಂದೂ ಬರೆದುಕೊಳ್ಳುತ್ತಾರೆ. ಸ್ವಂತ ಹಾಡು ಕಟ್ಟಬೇಕು ಅನ್ನುವವರು ಈ ಲೆಕ್ಕ ತಿದ್ದಿಕೊಳ್ಳಬೇಕು: ಮೊದಲ ಏಳು ತಿಂಗಳು ಎರಡನೆಯ ನಾಲ್ಕು ತಿಂಗಳ ಖರ್ಚು ಹೊರಬೇಕು. ಹಾಗೆ ಹೊರಲಾಗದಿದ್ದರೆ ಸೀಸನ್ ಪೂರ್ತಿ ಸಿನಿಮಾ ಹಾಡೇ ಬಾರಿಸಬೇಕಾಯಿತು ಎಂದು ದೂರುವುದರಲ್ಲಿ ಅರ್ಥವಿಲ್ಲ. ದುಡ್ಡು ಹಂಚಿದ ರೀತಿ, ಗಂಟಲು ಬಳಸಿದ ರೀತಿ, ಸಹಿ ಹಾಕಿದ ಕಾಗದ, ಈ ಮೂರರಲ್ಲಿ ಎಲ್ಲೋ ಸೋರಿರುತ್ತದೆ.

ಮೊದಲು ರೆಸಾರ್ಟಿನ ಸಂಜೆ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲೇ ಅದು ಇದೆ. ಆದ್ದರಿಂದ ಕಾರ್ಯಕ್ರಮ 7.30ಕ್ಕೆ ಶುರುವಾಗಿ 9.55ಕ್ಕೆ ಮುಗಿಯಬೇಕು. 7.30ರಿಂದ 8.10, 8.25ರಿಂದ 9.05, 9.20ರಿಂದ 9.55, ಹೀಗೆ ಮೂರು ಸೆಟ್. ಒಂದು ಹಾಡಿಗೆ ನಾಲ್ಕೂವರೆ ನಿಮಿಷ ಹಿಡಿದರೆ ಒಟ್ಟು 25 ಹಾಡು ಸಾಕು. ಕೆಲವರು 40 ಹಾಡು ಕಲಿತು ಬರುತ್ತಾರೆ. ಯಾವುದೂ ಪೂರ್ತಿ ಹದಕ್ಕೆ ಬಂದಿರುವುದಿಲ್ಲ.

ಮೂರು ಸೆಟ್ಟಿಗೆ ಮೂರು ಗುಣ. ಮೊದಲನೆಯದರಲ್ಲಿ ಅತಿಥಿಗಳು ಇನ್ನೂ ರೂಮಿನಿಂದ ಬರುತ್ತಿರುತ್ತಾರೆ, ಸೂಪು ಹುಡುಕುತ್ತಿರುತ್ತಾರೆ, ಯಾರೂ ಕೇಳುವುದಿಲ್ಲ. ಕಲಾವಿದರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ. ನಿಜವಾಗಿ ಇದು ನಮಗೇ ದುಡ್ಡು ಸಿಗುವ ರಿಹರ್ಸಲ್. ಸಾಹಿತ್ಯವಿಲ್ಲದ ಸ್ವಂತ ಟ್ಯೂನ್, ಅರ್ಧ ಕಟ್ಟಿದ ಕಾರ್ಡ್ ಸರಣಿ, ಹೊಸ ತಾಳ, ಏನಿದ್ದರೂ ಇಲ್ಲಿ ಮೆಲ್ಲಗೆ ಬಾರಿಸಿ ನೋಡಬಹುದು. ಎರಡನೆಯ ಸೆಟ್ಟಿನಲ್ಲಿ ಜನ ಕೂತಿರುತ್ತಾರೆ. ಸ್ವಂತ ಹಾಡಿಗೆ ಜಾಗ ಇದೇ: ಮೂರನೆಯದಾಗಿ, ಎಲ್ಲರಿಗೂ ಗೊತ್ತಿರುವ ಹಾಡೊಂದರ ಬೆನ್ನಿಗೆ, ಅದೇ ಶ್ರುತಿಯಲ್ಲಿ, ಹೆಚ್ಚುಕಡಿಮೆ ಅದೇ ವೇಗದಲ್ಲಿ. 'ಇದು ನಮ್ಮ ಸ್ವಂತ ರಚನೆ, ದಯವಿಟ್ಟು ಕೇಳಿ' ಎಂದು ಎರಡು ನಿಮಿಷ ಪೀಠಿಕೆ ಹಾಕಿದರೆ ಕೆಟ್ಟಿತು. ಕೇಳುವವರಿಗೆ ಅದು ಪರೀಕ್ಷೆಯಂತಾಗುತ್ತದೆ. ಹಾಡಿ ಮುಗಿಸಿದ ಮೇಲೆ ಒಂದೇ ವಾಕ್ಯದಲ್ಲಿ ಹಾಡಿನ ಹೆಸರು ಹೇಳಿ ಮುಂದಕ್ಕೆ ಹೋಗಬೇಕು. ಮೂರನೆಯ ಸೆಟ್ಟು ಕುಣಿತದ್ದು. ಬೆಂಗಳೂರಿನವರಿಗೆ ಕನ್ನಡ, ಹಿಂದಿ, ಕಣ್ಣೂರು ಕಡೆಯಿಂದ ಬಂದವರಿಗೆ ಮಲಯಾಳಂ, ಕೊನೆಗೆ ಊದುವ, ಬಡಿಯುವ ವಾದ್ಯಗಳ ಕೊಡವ ಕುಣಿತದ ಸಂಗೀತವಾದ ವಾಲಗದ ಗತ್ತು. ವಾಲಗ ಶುರುವಾದ ಮೇಲೆ ಬೇರೆ ಯಾವ ಹಾಡೂ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಕೊನೆಗೇ ಇಡಬೇಕು. ನಡುವೆ ಬಾರಿಸಿದವರು ಆಮೇಲೆ ಇಡೀ ಸಂಜೆ ಅದನ್ನೇ ಬಾರಿಸಬೇಕಾಗುತ್ತದೆ.

ಒಂದು ಸಂಜೆಗೆ ಸ್ವಂತದ್ದು ಎರಡು, ಮೀರಿದರೆ ಮೂರು. ಅದಕ್ಕಿಂತ ಹೆಚ್ಚು ಹಾಕಿದರೆ ಮ್ಯಾನೇಜರು ಮುಂದಿನ ಸಲ ಡಿಜೆಗೆ ಫೋನ್ ಮಾಡುತ್ತಾರೆ, ಅವರನ್ನು ತಪ್ಪು ಎನ್ನಲಾಗದು. ಒಂದೂ ಹಾಕದಿದ್ದರೆ ಏಳು ತಿಂಗಳಾದ ಮೇಲೆ ಆ ಹಾಡು ಜನರೆದುರು ಹೇಗೆ ನಿಲ್ಲುತ್ತದೆ ಎಂಬುದೇ ನಿಮಗೆ ಗೊತ್ತಿರುವುದಿಲ್ಲ.

ಹೋಮ್‌ಸ್ಟೇಯ ಕ್ಯಾಂಪ್‌ಫೈರ್ ಬೇರೆಯೇ ಕತೆ. ಬೆಂಕಿಗೆ ಹತ್ತು ಹನ್ನೆರಡು ಅಡಿ ದೂರ, ಗಾಳಿ ಬರುವ ಕಡೆ ಕೂರಬೇಕು. ಹೊಗೆ ಆಚೆ ಹೋಗುತ್ತದೆ. ಹತ್ತಿರ ಕೂತರೆ ಗಿಟಾರಿನ ಮುಂಭಾಗ ಕಾದು, ಹಿಂಭಾಗ ಮಂಜಿಗೆ ತಣ್ಣಗಾಗಿ, ಮೂರು ಹಾಡಿಗೊಮ್ಮೆ ಶ್ರುತಿ ಇಳಿಯುತ್ತದೆ. ಹಸಿ ಸೌದೆಯ ಹೊಗೆಯಲ್ಲಿ ಸತತ ಎರಡು ದಿನ ಹಾಡಿದವರ ಮೇಲಿನ ಸ್ವರ ಮೂರನೆಯ ದಿನ ಏಳುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಹಾಡುಗಾರರು ಎಲ್ಲಾ ಹಾಡನ್ನೂ ಅರ್ಧ ಅಥವಾ ಒಂದು ಸ್ವರ ಇಳಿಸಿಕೊಳ್ಳುವುದು ಒಳ್ಳೆಯದು. ಮೂಲ ಗಾಯಕರ ಶ್ರುತಿಯಲ್ಲೇ ಹಾಡುತ್ತೇನೆ ಅನ್ನುವ ಹಟದಿಂದ ಫೆಬ್ರವರಿಯಲ್ಲಿ ಗಂಟಲು ಕಟ್ಟುತ್ತದೆ, ಬುಕಿಂಗೂ ಹೋಗುತ್ತದೆ.

ಮದುವೆಗೆ ಬರೋಣ. ಕೊಡವ ಮದುವೆಯಲ್ಲಿ ವಾಲಗದವರ ನಿಜವಾದ ದುಡಿಮೆ ಗಂಗಾಪೂಜೆಯ ಹೊತ್ತಿನಲ್ಲಿ. ಮದುಮಗಳು ಬಾವಿಯಿಂದ ನೀರು ಸೇದಿ, ಬಿಂದಿಗೆ ತಲೆಯ ಮೇಲಿಟ್ಟು ಒಳಗೆ ಬರಬೇಕು. ಗಂಡಿನ ಕಡೆಯವರು ಎದುರು ನಿಂತು ಕುಣಿದು ದಾರಿ ಕಟ್ಟುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯಬಹುದು, ಗಂಟೆಗಟ್ಟಲೆಯೂ ಎಳೆಯಬಹುದು. ಕುಣಿಯುವವರು ಸರದಿಯಲ್ಲಿ ಬಂದು ಹೋಗುತ್ತಾರೆ, ಬಾರಿಸುವವರಿಗೆ ಬದಲಿ ಇರುವುದಿಲ್ಲ. ಅದಕ್ಕೇ ಮಾತನಾಡುವಾಗಲೇ ಆಳಿನ ಲೆಕ್ಕ ಹೇಳಬೇಕು: ನಾಲ್ವರು ಸಾಕಾಗುವ ಕಡೆ ಆರು ಜನ, ಊದುವವರು ಇಬ್ಬರು, ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರ ತುಟಿಗೆ ಬಿಡುವು. ತುಟಿ ದಣಿದ ಮೇಲೆ ಕೊಂಬಿನ ಮೇಲಿನ ಸ್ವರ ಒಡೆಯುತ್ತದೆ. ಅದನ್ನು ಮುಚ್ಚಲು ಚರ್ಮವಾದ್ಯವಾದ ಕೊಟ್ಟಿನವರು ಜೋರು ಮಾಡುತ್ತಾರೆ. ಜೋರಾದದ್ದು ತನ್ನಷ್ಟಕ್ಕೆ ವೇಗವೂ ಆಗುತ್ತದೆ. ಕುಣಿಯುವವರಿಗೆ ಖುಷಿಯಾಗಬಹುದು. ಆದರೆ ಸೀಸನ್ ಪೂರ್ತಿ ಹೀಗೆ ಬಾರಿಸಿದ ಕೈಗೆ ನಿಧಾನದ ನಡೆ ಮರೆತುಹೋಗುತ್ತದೆ. ಮರುದಿನ ಬೆಳಗ್ಗೆ ಹದಿನೈದು ನಿಮಿಷ, ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ಹಿಂದಿನ ದಿನದ ನಡೆಯನ್ನೇ ಮುಕ್ಕಾಲು ವೇಗದಲ್ಲಿ ಬಾರಿಸುವುದು ಇದಕ್ಕೆ ಮದ್ದು. ಬೇಸರದ ಕೆಲಸ, ಆದರೆ ಬೇರೆ ದಾರಿ ಕಾಣೆ.

ಮೈಕಿನ ವಿಷಯ. ಕೊಂಬಿಗೆ ಮೈಕ್ ಬೇಡ. ಇಡಲೇಬೇಕಾದರೆ ಆರಡಿ ದೂರ. ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ ದುಡಿಗೆ ಡೈನಮಿಕ್ ಮೈಕ್, ಚರ್ಮದಿಂದ ಒಂದು ಗೇಣು, ನೇರವಾಗಿ ಅಲ್ಲ, ಸ್ವಲ್ಪ ಓರೆ. ನೇರ ಹಿಡಿದರೆ ಕೋಲಿನ ಟಕ್ ಮಾತ್ರ ಕೇಳುತ್ತದೆ, ದುಡಿಯ ಹೊಟ್ಟೆಯ ಸದ್ದು ಬರುವುದಿಲ್ಲ. ದುಡಿ ಬಾರಿಸುತ್ತಾ ಹಾಡುವ ಕೊಡವ ಜನಪದ ಹಾಡು ಬಾಳೋಪಾಟಿಗೆ ನಾಲ್ವರಿಗೆ ನಾಲ್ಕು ಮೈಕ್ ಕೊಡುವ ಸೌಂಡಿನವರಿದ್ದಾರೆ. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುವ ಹಾಡು ಅದು. ಜೋಡಿಗೊಂದರಂತೆ ಎರಡು ಮೈಕಿಟ್ಟರೆ ಅವರೇ ಹತ್ತಿರ ನಿಂತು ದನಿ ಹೊಂದಿಸಿಕೊಳ್ಳುತ್ತಾರೆ. ನಾಲ್ಕಿಟ್ಟರೆ ಒಬ್ಬನ ಉಸಿರು, ಇನ್ನೊಬ್ಬನ ಕೆಮ್ಮು.

ಬಾಳೋಪಾಟನ್ನು ಕುಣಿತದ ಸೆಟ್ಟಿಗೆ ಎಳೆದು ತರಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೀಬೋರ್ಡು, ಡ್ರಮ್ ಪ್ಯಾಡು ಸೇರಿಸಿ ಓಡಿಸಿದರೆ ಪದ ನುಂಗಿಹೋಗುತ್ತದೆ, ಅದರಲ್ಲಿ ಇರುವುದೇ ಪದ. ಅದಕ್ಕೆ ಹೊಂದುವ ಜಾಗ ಬೇರೆ ಇದೆ: ಊಟಕ್ಕೆ ಮುಂಚಿನ ಅರ್ಧ ಗಂಟೆ, ಕುಟುಂಬದ ಮೂಲಮನೆಯಾದ ಐನ್‌ಮನೆಯ ಕೈಸಾಲೆ (ಜಗಲಿ), ಸಣ್ಣ ಹೋಮ್‌ಸ್ಟೇಯಲ್ಲಿ ಹತ್ತು ಹನ್ನೆರಡು ಜನ. ಅದಕ್ಕೆ ಬೇರೆ ದರ, ಬೇರೆ ಹೆಸರು ಇಡಿ. ಒಂದೇ ತಂಡ ಎರಡು ಹೆಸರಿನಲ್ಲಿ ದುಡಿದರೆ ತಪ್ಪಿಲ್ಲ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ನ ಕಲಾವಿದೆ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ, ಜನಪದವನ್ನು ಜನಪದವಾಗಿಯೇ ಕೇಳುತ್ತೇವೆ ಎನ್ನುವವರ ಜೊತೆ ಮಾತಾಡುವುದು ಇನ್ನಷ್ಟು ಸುಲಭವಾಗಿರಬೇಕು.

ದುಡ್ಡು ಹಂಚುವುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಅಂಕಿ ಉದಾಹರಣೆಗೆ ಮಾತ್ರ. ನಾಲ್ವರ ತಂಡ, ಒಂದು ಸಂಜೆಗೆ 24,000 ರೂಪಾಯಿ. ಗಾಡಿಗೆ 3,000, ಸೌಂಡಿಗೆ 5,000, ತಂತಿ, ಬ್ಯಾಟರಿ, ರಿಪೇರಿಗೆ 1,000 ತೆಗೆದರೆ 15,000 ಉಳಿಯುತ್ತದೆ. ಇದನ್ನು ನಾಲ್ಕರಿಂದ ಭಾಗಿಸುವುದು ರೂಢಿ. ಐದರಿಂದ ಭಾಗಿಸಿ. ಒಬ್ಬೊಬ್ಬರಿಗೆ 3,000, ಐದನೆಯ 3,000 ಹಾಡಿನ ಪಾಲು. ಸೀಸನ್ನಿಗೆ 40 ಕಾರ್ಯಕ್ರಮ ಆದರೆ 1,20,000. ಮಳೆಗಾಲದಲ್ಲಿ ಹಾಡು ರೆಕಾರ್ಡ್ ಮಾಡಿ, ಮಿಕ್ಸಿಂಗ್ ಮಾಸ್ಟರಿಂಗ್ ಬೇರೆಯವರ ಕೈಯಲ್ಲಿ ಮಾಡಿಸಲು ಇದೇ ಬಂಡವಾಳ. ಇಬ್ಬರ ಸಹಿ ಇಲ್ಲದೆ ತೆಗೆಯಲಾಗದ ಬೇರೆ ಖಾತೆಯಲ್ಲಿ ಇಡಬೇಕು. ಸಾಮಾನ್ಯವಾಗಿ ಇದು ಮಾರ್ಚಿನಲ್ಲಿ ಕೆಡುತ್ತದೆ. ಹಳೆಯ ಸ್ಪೀಕರ್ ಸುಡುತ್ತದೆ, 'ಅದೂ ತಂಡಕ್ಕೇ ತಾನೇ' ಎಂದು ಹಾಡಿನ ಪಾಲಿನಿಂದ ಹೊಸದು ಬರುತ್ತದೆ. ಸ್ಪೀಕರು ಆ 1,000ದ ತಲೆಯ ಮೇಲಿನ ಖರ್ಚು. 1,000 ಸಾಲದಿದ್ದರೆ ಅದನ್ನು 1,500 ಮಾಡಿ, ಐದನೆಯ ಪಾಲು ಮುಟ್ಟಬೇಡಿ.

ದರ ಹೇಳುವಾಗ ವೇದಿಕೆಯ ಎರಡೂವರೆ ಗಂಟೆಯನ್ನಷ್ಟೇ ಎಣಿಸುವುದು ಇನ್ನೊಂದು ಸೋರುವ ಜಾಗ. ಮಧ್ಯಾಹ್ನ 3ಕ್ಕೆ ಹೊರಟು, 5ಕ್ಕೆ ಜೋಡಿಸಿ, 6ಕ್ಕೆ ಸೌಂಡ್ ಚೆಕ್ ಮಾಡಿ, 10ಕ್ಕೆ ಮುಗಿಸಿ, ಮಂಜಿನ ಘಾಟಿಯಲ್ಲಿ ಮನೆ ಸೇರುವಾಗ 1 ಗಂಟೆ. ಹತ್ತು ಗಂಟೆಯ ಕೆಲಸ. ತಂಡದಲ್ಲಿ ತೋಟ ಇದ್ದವರಿದ್ದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್. ಹಗಲು ಅವರು ಸಿಗುವುದಿಲ್ಲ. ಹೊಸ ಹಾಡಿನ ರಿಹರ್ಸಲ್ ಆ ತಿಂಗಳುಗಳಲ್ಲಿ ಇಟ್ಟುಕೊಂಡರೆ ಜಗಳವೇ ಆಗುವುದು. ನವೆಂಬರಿನೊಳಗೆ 25 ಹಾಡು ಸಿದ್ಧ ಮಾಡಿಕೊಂಡು ಸೀಸನ್ ಪೂರ್ತಿ ಅದನ್ನೇ ನಡೆಸುವುದು ಮೇಲು.

ಮುಂಗಡ ಅರ್ಧ, ಉಳಿದದ್ದು ಮೂರನೆಯ ಸೆಟ್ಟಿಗೆ ಮೊದಲು. ಟಿಡಿಎಸ್ (ಕೊಡುವವರೇ ಮುರಿದುಕೊಳ್ಳುವ ಆದಾಯ ತೆರಿಗೆ) ಎಷ್ಟು ಮುರಿಯುತ್ತೀರಿ ಎಂದು ಒಪ್ಪುವಾಗಲೇ ಕೇಳಿ. ಮುರಿದದ್ದು ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ಹೆಸರಿನ ತೆರಿಗೆ ಪಟ್ಟಿಯಲ್ಲಿ ಕಾಣದಿದ್ದರೆ ರಿಟರ್ನ್ ಹಾಕಿದರೂ ವಾಪಸ್ ಬರುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದವರಿಗೆ ಜಿಎಸ್‌ಟಿ ನೋಂದಣಿಯ ತಲೆನೋವು ಇಲ್ಲ. ನೋಂದಣಿ ಇದ್ದವರಿಗೂ ಜಾನಪದ ಅಥವಾ ಶಾಸ್ತ್ರೀಯ ಕಾರ್ಯಕ್ರಮದ ಸಂಭಾವನೆ ಒಂದೂವರೆ ಲಕ್ಷದವರೆಗೆ ವಿನಾಯಿತಿ. ಬಿಲ್ಲಿನಲ್ಲಿ 'ಲೈವ್ ಎಂಟರ್‌ಟೇನ್‌ಮೆಂಟ್' ಎಂದು ಬರೆದು ಆಮೇಲೆ ವಿನಾಯಿತಿ ಕೇಳುವವರಿದ್ದಾರೆ. ಬಾರಿಸಿದ್ದು ಜಾನಪದವಾದರೆ ಜಾನಪದ ಎಂದೇ ಬರೆಯಿರಿ.

ಈಗ ಕಾಗದ. ಮಡಿಕೇರಿ ದಸರಾದ ಮೆರವಣಿಗೆಯಲ್ಲಿ ಹತ್ತು ದೇವಸ್ಥಾನಗಳಿಂದ ಹೊರಡುವ ದಶಮಂಟಪಗಳಿಗೆ ಕಥೆ, ಸಂಭಾಷಣೆ, ಹಿನ್ನೆಲೆ ಸಂಗೀತದ ಟ್ರ್ಯಾಕ್ ಬೇಕು. ವಿಜಯದಶಮಿಯ ರಾತ್ರಿ ವಿಗ್ರಹಗಳ ಚಲನೆಗೆ, ಲೈಟಿಗೆ ಅದು ಸೆಕೆಂಡಿನ ಲೆಕ್ಕದಲ್ಲಿ ಹೊಂದಬೇಕು. ಸಂಗೀತ ಸಂಯೋಜಿಸುವವರಿಗೆ ಮಳೆಗಾಲದ ಕೊನೆಗೆ ಸಿಗುವ ಒಳ್ಳೆಯ ಕೆಲಸ ಇದು: ದುಡ್ಡೂ ಬರುತ್ತದೆ, ಕಲ್ಪನೆಗೂ ಜಾಗವಿದೆ. ಆದರೆ 'ಎಲ್ಲಾ ಹಕ್ಕು ಸಮಿತಿಗೆ' ಎಂಬ ಒಂದು ಸಾಲಿಗೆ ಸಹಿ ಹಾಕಿದರೆ ಆ ರಾಗವನ್ನು ಮುಂದೆ ನಿಮ್ಮ ಹಾಡಿನಲ್ಲಿ ಬಳಸಲಾಗದು. 'ಈ ವರ್ಷದ ಮಂಟಪ ಪ್ರದರ್ಶನಕ್ಕೆ ಮತ್ತು ಅದರ ವಿಡಿಯೊಗೆ ಬಳಸಲು ಅನುಮತಿ' ಎಂದು ಬರೆಸಿ. ಎರಡೂ ಕಡೆಯವರ ಕೆಲಸ ಅಷ್ಟಕ್ಕೇ ನಡೆಯುತ್ತದೆ. ಬೇರೆ ಬೇರೆ ವಾದ್ಯದ ಫೈಲುಗಳನ್ನು ನಿಮ್ಮ ಹತ್ತಿರ ಇಟ್ಟುಕೊಂಡು, ಒಟ್ಟು ಮಾಡಿದ ಟ್ರ್ಯಾಕ್ ಮಾತ್ರ ಕೊಡಿ.

ಆಲ್ಬಂ ಮಾಡುತ್ತೇವೆ ಎಂದು ಬರುವವರ ವಿಷಯದಲ್ಲೂ ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹವೂ ಅದರಲ್ಲಿ ಕೊಡುವವರ ಸಹಿಯೂ ಇಲ್ಲದೆ ಹಕ್ಕು ವರ್ಗವಾಗುವುದಿಲ್ಲ. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ ಎಂದು ಅರ್ಥ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು, ರಾಗ ಹಾಕಿದವರು ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುವಂತೆ ಕಂಪನಿಯವರು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಆದರೆ ಪಾಲು ತಾನಾಗಿ ಮನೆಗೆ ಬರುವುದಿಲ್ಲ. ಬರೆದವರು, ರಾಗ ಹಾಕಿದವರು ರಾಯಲ್ಟಿ ವಸೂಲು ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಿ ಹಾಡನ್ನು ನೋಂದಾಯಿಸಬೇಕು.

ಹಳೆಯ ಪಾಟ್ (ಹಾಡು) ಎತ್ತಿಕೊಳ್ಳುವವರ ಸಂಶಯ ಇನ್ನೊಂದು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಅಚ್ಚು ಹಾಕಿಸಿದ ಕೊಡವ ಜನಪದ ಸಂಗ್ರಹ ಪಟ್ಟೋಲೆ ಪಳಮೆಯ ಹಾಡುಗಳನ್ನು ಹಾಡಿ ರೆಕಾರ್ಡ್ ಮಾಡಲು ಯಾರ ಅನುಮತಿಯೂ ಬೇಡ. ಚಿಣ್ಣಪ್ಪನವರು ತೀರಿಕೊಂಡದ್ದು 1931ರಲ್ಲಿ. ಲೇಖಕರು ತೀರಿದ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. 1944ರಲ್ಲಿ ತೀರಿಕೊಂಡ ಹರದಾಸ ಅಪ್ಪಚ್ಚ ಕವಿಯ ರಂಗಗೀತೆಗಳಿಗೂ ಇದೇ ಲೆಕ್ಕ. ಆದರೆ ಈಚೆಗೆ ಬಂದ ಅನುವಾದಕ್ಕೆ, ಯಾರೋ ಹೊಸದಾಗಿ ಹಾಕಿದ ರಾಗಕ್ಕೆ, ಯೂಟ್ಯೂಬಿನಲ್ಲಿರುವ ರೆಕಾರ್ಡಿಂಗಿಗೆ ಅವುಗಳದೇ ಹಕ್ಕು ಇರುತ್ತದೆ. ಮದುವೆ ಮತ್ತು ಅದರ ದಿಬ್ಬಣದಲ್ಲಿ ಸಿನಿಮಾ ಹಾಡು ಬಾರಿಸುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ರೆಸಾರ್ಟಿನ ಸಂಜೆಗೆ ಇಲ್ಲ. ಅಲ್ಲಿನ ಲೈಸೆನ್ಸ್ ಯಾರ ಹೊಣೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಆನ್‌ಲೈನ್ ದುಡ್ಡಿನ ಮೇಲೆ ಲೆಕ್ಕ ಕಟ್ಟುವವರಿಗೆ ಎರಡು ಅಂಕಿ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ಮಾತೃಭಾಷೆ ಎಂದವರು 1,13,857. ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಏನೂ ಬರುವುದಿಲ್ಲ. ದಾಟಿದರೂ ಬರುವುದು ಪುಡಿಗಾಸು. ಕೊಡವ ತಕ್ಕ್ ಅಥವಾ ಇಲ್ಲಿನ ಗೌಡರ ಮನೆಮಾತು ಅರೆಭಾಷೆಯಲ್ಲಿ ಹಾಡು ಕಟ್ಟುವವರು ಅಲ್ಲಿಗೆ ಹಾಕಲೇಬೇಕು, ಯಾಕೆಂದರೆ ಕೇಳಿದವರು ಮೊದಲು ಹುಡುಕುವುದು ಅಲ್ಲಿ. ದುಡ್ಡು ಮಾತ್ರ ಬೇರೆ ಕಡೆಯಿಂದ ಬರಬೇಕು: ಬೆಂಗಳೂರು, ಮೈಸೂರಿನ ಕೊಡವ ಸಮಾಜ, ಗೌಡ ಸಮಾಜಗಳ ಕಾರ್ಯಕ್ರಮ, ಮಡಿಕೇರಿಯಲ್ಲೇ ಇರುವ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳ ವೇದಿಕೆ, ಹಾಡು ಬರುವ ಮೊದಲೇ ಐನೂರು ರೂಪಾಯಿ ಕೊಟ್ಟು ಹೆಸರು ಬರೆಸುವ ಇನ್ನೂರು ಮಂದಿ. ಇನ್ನೂರು ಮಂದಿಯಿಂದ ಒಂದು ಲಕ್ಷವಾಗುತ್ತದೆ. ಅಷ್ಟು ದುಡ್ಡು ಸ್ಟ್ರೀಮಿನಿಂದ ಬರುವುದು ಕಷ್ಟ.

ಮಳೆ ಹಿಡಿದ ಮೇಲೆ ಮೊದಲ ಕೆಲಸ ವಾದ್ಯ ಉಳಿಸಿಕೊಳ್ಳುವುದು. ಗಿಟಾರಿಗೆ 45ರಿಂದ 55 ಶೇಕಡ ತೇವಾಂಶ ಹಿತ. ಜುಲೈಯಲ್ಲಿ ಮಡಿಕೇರಿಯ ಕೋಣೆ ಅದನ್ನು ಎಲ್ಲೋ ದಾಟಿರುತ್ತದೆ. ಮೇಲ್ಹಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ, ಒತ್ತಿದರೆ ಬೆರಳು ನೋಯುತ್ತದೆ, ಸದ್ದು ಮಂಕಾಗುತ್ತದೆ. ಆಗ ಕುತ್ತಿಗೆಯೊಳಗಿನ ಸರಳು, ಟ್ರಸ್ ರಾಡ್, ತಿರುಗಿಸಬೇಡಿ; ಕುತ್ತಿಗೆಯದಲ್ಲ ತಪ್ಪು, ಒದ್ದೆಯದು. ಗಟ್ಟಿ ಕೇಸಿನಲ್ಲಿ 200 ಗ್ರಾಮಿನಷ್ಟು ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇಡಿ. ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಕಿತ್ತಳೆ ಮಾಡಿಕೊಳ್ಳಬಹುದು, ಆದರೆ ಅಡುಗೆಯ ಬಾಣಲೆ ಬೇಡ. ಅಲಮಾರಿಯೊಳಗೆ ಬಲ್ಬು ಉರಿಸುವ ಹಳೆಯ ಉಪಾಯಕ್ಕೆ ಈಗ ಎಲ್‌ಇಡಿ ಹಾಕುವವರಿದ್ದಾರೆ. ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ದುಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಚರ್ಮ ಸೆಟೆದು ಅಂಚಿನಲ್ಲಿ ಸೀಳುತ್ತದೆ. ಬಾರಿಸುವ ಮುಂಚೆ ಕೆಂಡದಿಂದ ಎರಡು ಮೂರು ಅಡಿ ದೂರ ಹಿಡಿದು ತಿರುಗಿಸುತ್ತಾ ಬಿಸಿ ಮಾಡಿದರೆ ಸಾಕು.

ರೆಕಾರ್ಡಿಂಗ್ ಮಳೆಗಾಲದಲ್ಲಿ ಎಂದರೆ ನಗುವವರಿದ್ದಾರೆ. ಶೀಟಿನ ಮಾಡಿನ ಕೆಳಗೆ ಜಡಿಮಳೆಯಲ್ಲಿ ಸಾಧ್ಯವಿಲ್ಲ, ನಿಜ. ಹಂಚಿನ ಮನೆಯ ಒಳಕೋಣೆ, ಗೋಡೆಗೆ ಹಾಸಿಗೆ, ಹಿಂದೆ ಬಟ್ಟೆ ತುಂಬಿದ ಬೀರು ಇದ್ದರೆ ಮಳೆ ತಗ್ಗಿದ ಹೊತ್ತಿನಲ್ಲಿ ದನಿ ಹಿಡಿಯಬಹುದು. ಮಳೆ ಹೊಯ್ಯುವಾಗ ಗಿಟಾರ್, ಬೇಸ್, ಕೀಬೋರ್ಡನ್ನು ನೇರ ಕೇಬಲಿನಲ್ಲಿ ಹಾಕಿಕೊಳ್ಳಿ. ಕತ್ತಲಾದ ಮೇಲೆ ಮಳೆ ನಿಂತರೆ ಜೀರುಂಡೆ. ಅದನ್ನು ಯಾವ ಸಾಫ್ಟ್‌ವೇರೂ ಚೊಕ್ಕವಾಗಿ ತೆಗೆಯುವುದಿಲ್ಲ. ಕಂಡೆನ್ಸರ್ ಮೈಕಿನಲ್ಲಿ ಚಟಪಟ ಸದ್ದು ಬಂದರೆ ಕೆಟ್ಟಿತೆಂದು ಬಿಸಾಡಬೇಡಿ, ಒಳಗೆ ತೇವ ಕೂತಿರುತ್ತದೆ. ಜೆಲ್ ಇರುವ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಟ್ಟು, ತೆಗೆದ ಮೇಲೆ ಅರ್ಧ ಗಂಟೆ ಕೋಣೆಯ ಗಾಳಿಗೆ ಬಿಟ್ಟು ಆಮೇಲೆ ಹಚ್ಚಿ. ಗುಂಯ್ ಎನ್ನುವ ಸದ್ದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಹಳೆಯ ಮನೆಗಳಲ್ಲಿ ಹೆಚ್ಚಾಗಿ ಅರ್ಥಿಂಗಿನದೇ ದೋಷ. 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಪ್ರತಿ ಟೇಕ್ ಮುಗಿದೊಡನೆ ಎರಡನೆಯ ಡಿಸ್ಕಿಗೆ ನಕಲು ಮಾಡಿ, ಕರೆಂಟ್ ಹೋಗುವುದು ಒಳ್ಳೆಯ ಟೇಕಿನಲ್ಲೇ.

ಜೂನಿನ ಮೊದಲ ಎರಡು ವಾರ ಹಾಡುಗಾರರು ಸುಮ್ಮನಿರಲಿ. ಏಳು ತಿಂಗಳು ಎಳೆದ ಗಂಟಲಿಗೆ ಅದು ಬೇಕು, ಆ ಹೊತ್ತಿನಲ್ಲಿ ಪದ ಬರೆಯುವುದು, ಟ್ಯೂನ್ ಜೋಡಿಸುವುದು ನಡೆಯಲಿ. ಜುಲೈ ನಡುವಿನಿಂದ ಶುರುವಾಗುವ ಕಕ್ಕಡ ತಿಂಗಳಲ್ಲಿ ಹೇಗೂ ಮದುವೆಗಳಿಲ್ಲ. ದನಿಯ ರೆಕಾರ್ಡಿಂಗನ್ನು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇಟ್ಟುಕೊಂಡರೆ ಮಂಟಪದ ಕೆಲಸ ಬಿರುಸಾಗುವ ಮೊದಲು ಕೈ ಖಾಲಿಯಾಗುತ್ತದೆ.

ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ ಕಳೆಯುತ್ತಿದ್ದಂತೆ ಹೊಸ ಸೀಸನ್ನಿನ ಫೋನುಗಳು ಶುರು. ತಾರೀಕು ಒಪ್ಪುವ ಮುಂಚೆ ಮೂರು ಪ್ರಶ್ನೆ ಕೇಳಿ: ವೇದಿಕೆಗೆ ಮಾಡು ಇದೆಯೇ, ಜನರೇಟರಿಗೆ ಅರ್ಥಿಂಗ್ ಇದೆಯೇ, 10ಕ್ಕೆ ನಿಲ್ಲಿಸಲು ಬಿಡುತ್ತೀರಾ. ಎರಡನೆಯದಕ್ಕೆ 'ಇದೆ, ಇದೆ' ಎಂದರೂ ನಂಬಿ ಕೂರಬೇಡಿ. ಸ್ಥಳಕ್ಕೆ ಹೋದ ಮೇಲೆ, ಗಿಟಾರ್ ಹೆಗಲಿಗೇರಿಸುವ ಮೊದಲು, ಟೆಸ್ಟರನ್ನು ಮೈಕಿನ ಜಾಲರಿಗೂ ಗಿಟಾರಿನ ತಂತಿಗೂ ಮುಟ್ಟಿಸಿ ನೋಡಿ. ದೀಪ ಹೊತ್ತಿಕೊಂಡರೆ ತಂತಿ ಹಿಡಿದ ಕೈಯಲ್ಲಿ ಮೈಕಿಗೆ ತುಟಿ ತಾಗಿಸಬೇಡಿ. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಪ್ಲಗ್ ಹಾಕುವುದೇ ಬೇಡ.